ಡೈರಿ ಗೋಡೆಯ ಮೇಲಿನ ಸಂಯಮ

ನಾನು ಕೆಟ್ಟ ಚಿತ್ರಗಾರನೇನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಆ ಅನುಮಾನ ಬರಬಹುದು. ಆ ಗೋಡೆಯ ಮೇಲೆ ನಾನು ಕೆಟ್ಟ ಚಿತ್ರ ಬರೆದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಚಿತ್ರ ಚೆನ್ನಾಗಿ ಬಂತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಹೋಗಿದ್ದೆ. ನನ್ನೂರು ಕಂದಿಕೆರೆ ಕಡೆ. ಅಪ್ಪನಿಗೆ ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಮಗ ತೋಟ ನೋಡಿಕೊಳ್ಳುವುದು ಬಿಟ್ಟು ಮೈಸೂರಿಗೆ ಹೋಗಿ ಗೊಂಬೆ ಬರೆಯುವುದನ್ನು ಕಲಿತು ಬಂದ ಅಂತ ಅವರಿಗೆ ಕೊನೆಯವರೆಗೂ ಬೇಜಾರಿತ್ತು. ಹಳ್ಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಎಲೆಯ ತುದಿಯ ಉಪ್ಪಿನಕಾಯಿ ಇದ್ದ ಹಾಗೆ. ಇದ್ದರೆ ಸರಿ, ಇಲ್ಲದಿದ್ದರೂ ಊಟ ನಿಲ್ಲುವುದಿಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪೀರಿಯಡ್ಡುಗಳನ್ನೆಲ್ಲ ಗಣಿತದ ಮೇಷ್ಟ್ರು ನುಂಗಿಹಾಕುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನಂಥವನು ಇಲ್ಲಿ ಕೊಳೆಯುತ್ತಿದ್ದೇನಲ್ಲ ಅನ್ನುವ ಗರ್ವವೂ ಅದರ ಪಕ್ಕದಲ್ಲೇ ಕೂತಿತ್ತು.

ಆ ಗರ್ವಕ್ಕೆ ಆಧಾರ ಒಂದು ನೋಟ್‌ಬುಕ್ಕು. ಮೈಸೂರಿನಲ್ಲಿ ನಮಗೆ ಕಲಿಸುತ್ತಿದ್ದ ಗುರುಗಳ ಹತ್ತಿರ ಒಂದು ದಪ್ಪ ಹಳೆಯ ಪುಸ್ತಕವಿತ್ತು. ಮುನ್ನೂರು ವರ್ಷಗಳ ಹಿಂದೆ ಯುರೋಪಿನವರು ಅರಮನೆ, ಇಗರ್ಜಿಗಳ ಚಾವಣಿಗೆ ಬಣ್ಣ ಹಾಕುವ ಮುಂಚೆ ಕಾಗದದ ಮೇಲೆ ಮಸಿಯಲ್ಲಿ ಬರೆದುಕೊಂಡ ಚಿತ್ರಗಳ ಪುಸ್ತಕ. ಆ ಶೈಲಿಗೆ ಬರೋಕ್ ಅನ್ನುತ್ತಾರೆಂದು ಗುರುಗಳು ಹೇಳಿದ್ದರು. ಅದರಲ್ಲಿ ಸದ್ಗುಣಗಳೆಲ್ಲ ಹೆಂಗಸರು. ಮೋಡದ ಮೇಲೆ ಕೂತ ದಷ್ಟಪುಷ್ಟ ಹೆಂಗಸರು. ಗಾಳಿಯೇ ಇಲ್ಲದ ಕಡೆ ಬಟ್ಟೆ ಹಾರುತ್ತಿರುತ್ತದೆ. ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗಾಗಿ ಬರೆದದ್ದರಿಂದ ಪಾದ ದೊಡ್ಡದು, ತಲೆ ಚಿಕ್ಕದು. ಕನ್ನಡಿ ಮತ್ತು ಹಾವು ಹಿಡಿದವಳು ವಿವೇಕ. ತಕ್ಕಡಿ ಹಿಡಿದವಳು ನ್ಯಾಯ. ಕಂಬ ತಬ್ಬಿಕೊಂಡವಳು ಧೈರ್ಯ. ಒಂದು ಹೂಜಿಯಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿರುವವಳು ಸಂಯಮ. ದ್ರಾಕ್ಷಿಯ ಮದ್ಯಕ್ಕೆ ನೀರು ಬೆರೆಸಿ ಅದರ ಅಮಲು ಇಳಿಸುತ್ತಿದ್ದಾಳೆ ಅಂತ ಅದರ ಅರ್ಥ.

"ಮುಖ ನೋಡಬೇಡಿ, ಕೈ ನೋಡಿ" ಅನ್ನುತ್ತಿದ್ದರು ಗುರುಗಳು. "ವೀಣೆ ಇದ್ದರೆ ಸರಸ್ವತಿ, ತಾವರೆ ಇದ್ದರೆ ಲಕ್ಷ್ಮಿ ಅಂತ ನಾವು ಗುರುತು ಹಿಡಿಯಲ್ವೇ? ಅವರದೂ ಅದೇ ಲೆಕ್ಕ." ನಾಲ್ಕು ಚಿತ್ರಗಳನ್ನೂ ನಾನು ಒಂದು ತಿಂಗಳು ಕೂತು ಆ ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡಿದ್ದೆ. ಗುರುಗಳ ಆ ಮಾತು ನನಗೆ ಅರ್ಥವಾಗಿದೆ ಅಂತಲೂ ತಿಳಿದಿದ್ದೆ.

ಊರಿನಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಮೂಲೆಮನೆಯ ಪಕ್ಕದ ಒಂದು ಕೋಣೆ. ಆ ಮನೆಯ ಗೃಹಿಣಿಯನ್ನು ಊರೆಲ್ಲ ಮೂಲೆಮನೆಯಕ್ಕ ಅಂತಲೇ ಕರೆಯುತ್ತಿತ್ತು. ನಾನು ಅಕ್ಕ ಅನ್ನುತ್ತಿದ್ದೆ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವರ ಯಜಮಾನರು ಅಮ್ಮಸಂದ್ರಕ್ಕೆ ಸೈಕಲ್ಲಿನಲ್ಲಿ ಹೋಗಿ ಸಿಮೆಂಟು ಕಾರ್ಖಾನೆಯಲ್ಲಿ ದುಡಿದು ಬರುತ್ತಿದ್ದರು, ಹಾಗಾಗಿ ತೋಟ, ಎರಡು ಸೀಮೆಹಸು, ಅಟ್ಟದ ಮೇಲಿನ ಕಾಯಿ ಎಲ್ಲ ಅಕ್ಕನ ಪಾಲಿಗೆ. ನನ್ನ ಕೋಣೆಯ ನೆತ್ತಿಯ ಮೇಲೇ ಅಟ್ಟ. ಕೊಬ್ಬರಿಯಾಗಲು ಒಣಗುತ್ತಿದ್ದ ಕಾಯಿಗಳನ್ನು ಅವರು ಆಗಾಗ ಹತ್ತಿ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ಇಡುತ್ತಿದ್ದರು. ಒಳಗಿನ ತಿರುಳು ಚಿಪ್ಪು ಬಿಟ್ಟುಕೊಂಡು ಗಡಗಡ ಅಂದರೆ ಕೊಬ್ಬರಿ ಆಗಿದೆ ಅಂತ. ನಾನು ಊಟ ಮಾಡುತ್ತಿದ್ದುದೂ ಅವರ ಮನೆಯಲ್ಲೇ, ಕುಡಿಯುತ್ತಿದ್ದುದೂ ಅವರ ಹಸುವಿನ ಹಾಲೇ.

ಉಳಿದ ಹಾಲು ಡೈರಿಗೆ ಹೋಗುತ್ತಿತ್ತು. ಡೈರಿ ಆಗ ಊರಿಗೆ ಹೊಸದು. ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಪರೀಕ್ಷೆ ಮಾಡುವವನು ಪ್ರತಿಯೊಬ್ಬರ ಹಾಲನ್ನೂ ಉದ್ದನೆಯ ಜಾಡಿಗೆ ಹಾಕಿ ಲ್ಯಾಕ್ಟೋಮೀಟರ್ ಇಳಿಬಿಡುತ್ತಿದ್ದ. ಗಾಜಿನ ಕಡ್ಡಿ ತಲೆ ಎತ್ತಿ ತೇಲಿದರೆ ಹಾಲು ಗಟ್ಟಿ, ಕುತ್ತಿಗೆವರೆಗೆ ಮುಳುಗಿದರೆ ನೀರು. ಮುಳುಗಿತೆಂದರೆ ಸಾಲಿನಲ್ಲಿದ್ದವರೆಲ್ಲರ ಮುಂದೆ ಹಾಲು ವಾಪಸ್ಸು. ಕ್ಯಾನು ಹಿಡಿದು ಹಿಂದಿರುಗುವವರ ಮುಖ ನೋಡಲಾಗುತ್ತಿರಲಿಲ್ಲ. ಆ ಊರಿನಲ್ಲಿ ಯಾರ ಹಾಲು ಎಷ್ಟು ಡಿಗ್ರಿ ಎಂಬುದು ಯಾರ ಮಗ ಎಷ್ಟನೇ ಕ್ಲಾಸು ಎನ್ನುವಷ್ಟೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಕ್ಕನದು ಯಾವಾಗಲೂ ಇಪ್ಪತ್ತೆಂಟು, ಗಟ್ಟಿ ಹಾಲಿನ ಲೆಕ್ಕ.

ಡೈರಿಗೆ ಹೊಸ ಕಟ್ಟಡವಾದಾಗ ಅಧ್ಯಕ್ಷರು ನನ್ನನ್ನು ಕರೆಸಿದರು.

"ಮೇಷ್ಟ್ರೇ, ಮುಂದ್ಲು ಗೋಡೆ ಮೇಲೆ ಎರಡು ಹಸ, ಒಂದು ಕರ, ಹಿಂದ್ಗಡೆ ತೆಂಗಿನ್ ಮರ ಬರ್ದುಬುಡಿ. ಬಣ್ಣ ನಾವು ತರುಸ್ತೀವಿ."

"ಹಸು ಎಲ್ಲರ ಕೊಟ್ಟಿಗೆಯಲ್ಲೂ ಇದೆ. ಅದನ್ನು ಗೋಡೆ ಮೇಲೆ ಯಾಕೆ ಬರೀಬೇಕು?" ಎಂದು ನನ್ನ ನೋಟ್‌ಬುಕ್ಕು ತೆಗೆದು ತೋರಿಸಿದೆ. ನಾಲ್ಕು ಸದ್ಗುಣಗಳು, ನಾಲ್ಕು ಚೌಕಗಳು, ನಿಮ್ಮ ಊರಿನಂಥ ಡೈರಿ ಇಡೀ ಜಿಲ್ಲೆಯಲ್ಲಿ ಇರುವುದಿಲ್ಲ ಎಂದೆ.

ಅಧ್ಯಕ್ಷರು ಪುಟ ತಿರುವಿದರು. "ಆಯ್ತು, ಏನಾರ ಬರೀರಿ. ಆದ್ರೆ ಕೆಳ್ಗಡೆ ಇದು ಇಂಥದ್ದು ಅಂತ ಬರ್ದುಬುಡಿ. ಜನ್ಕೆ ಗೊತ್ತಾಗ್ಬೇಕಲ್ಲ."

"ಹೆಸರು ಬರೆದು ತಿಳಿಸೋದಾದರೆ ಚಿತ್ರ ಯಾಕೆ ಬೇಕು?" ಅಂದೆ. ಅವರು ಪಾಪ, ಮೇಷ್ಟ್ರು ಓದಿದವರು ಅಂತ ಸುಮ್ಮನಾದರು.

ಮೊದಲ ಚೌಕ ಹಾಲು ಹಾಕುವ ಕಿಟಕಿಯ ಪಕ್ಕದ್ದು, ಸಾಲಿನಲ್ಲಿ ನಿಂತವರ ಕಣ್ಣಿಗೆ ನೇರ ಬೀಳುವಂಥದ್ದು. ಅಲ್ಲಿಗೆ ಯಾರನ್ನು ಬರೆಯಲಿ? ತಕ್ಕಡಿಯವಳು ಬೇಡ, ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತಾಳೆ. ಹಾವು ಹಿಡಿದವಳು ಬೇಡ, ಹೆಂಗಸರು ಹೆದರುತ್ತಾರೆ. ಹಾಲಿನ ಡೈರಿ ಅಂದಮೇಲೆ ಪಾತ್ರೆ ಹಿಡಿದವಳೇ ಒಪ್ಪುತ್ತಾಳೆ ಅಂತ ನನ್ನ ಬುದ್ಧಿಗೆ ಹೊಳೆಯಿತು. ಈಗಲೂ ಕೆಲವು ಸಲ ಒಬ್ಬನೇ ಇದ್ದಾಗ ಆ ಬುದ್ಧಿಯನ್ನು ನೆನೆದು ತಲೆ ಚಚ್ಚಿಕೊಳ್ಳುತ್ತೇನೆ.

ನಕಲನ್ನೇ ನಕಲು ಮಾಡುವುದು ನನಗೆ ಬೇಕಿರಲಿಲ್ಲ. ನೀರು ತುಂಬಿದ ಪಾತ್ರೆಯನ್ನು ಎತ್ತಿ ಸುರಿಯುವಾಗ ತೋಳು ಹೇಗೆ ತಿರುಗುತ್ತದೆ, ಮೊಣಕೈ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಒಂದು ಬೆಳಿಗ್ಗೆ ಅಕ್ಕ ಹಿತ್ತಲಿನಲ್ಲಿ ಬಿಂದಿಗೆಯಿಂದ ಹಂಡೆಗೆ ನೀರು ಹುಯ್ಯುತ್ತಿದ್ದರು.

"ಅಕ್ಕ, ಒಂದು ನಿಮಿಷ ಹಂಗೇ ನಿಂತ್ಕೊಳ್ಳಿ."

"ತುಂಬಿದ್ ಬಿಂದ್ಗೆ ಹಿಡ್ಕೊಂಡಾ? ತೋಳು ಬಿದ್ದೋಗ್ತದೆ ಮೇಷ್ಟ್ರೇ, ಬೇಗ ಗೀಚ್ಕಳಿ" ಎಂದು ನಕ್ಕರು. ಮೂರು ಸಲ ಹುಯ್ದರು, ಮೂರು ಸಲ ಬರೆದುಕೊಂಡೆ. ಕಾಯಿ ಹೊತ್ತು, ಹುಲ್ಲು ಹೊತ್ತು ಗಟ್ಟಿಯಾದ ತೋಳು. ಬರೆಯುತ್ತಾ ಮುಖವನ್ನೂ ಬರೆದುಕೊಂಡೆ. ತೋಳಿಗೆ ಕೇಳಿದ್ದೆ, ಮುಖಕ್ಕೆ ಕೇಳಿರಲಿಲ್ಲ.

ದಸರಾ ರಜೆಯಲ್ಲಿ ಐದು ದಿನ ಏಣಿಯ ಮೇಲೆ ನಿಂತು ಕೆಲಸ ಮಾಡಿದೆ. ಮೊದಲು ಮೋಡ, ಆಮೇಲೆ ಬಟ್ಟೆ. "ಇದೇನು ಮೇಷ್ಟ್ರೇ, ಸೀರೆ ಒಣಗ್ಹಾಕಿದ್ದೀರಾ?" ಎಂದು ಹಾಲು ತಂದವರು ತಮಾಷೆ ಮಾಡುತ್ತಿದ್ದರು. ಮುಖ ಮತ್ತು ಕೈಗಳನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಸುರಿಯುವ ನೀರಿನ ಮೇಲಂತೂ ಇಡೀ ಒಂದು ಮಧ್ಯಾಹ್ನ ಖರ್ಚು ಮಾಡಿದೆ. ತೆಳು ನೀಲಿ, ಅದರ ಅಂಚಿಗೆ ಬಿಳಿ. ನೀರು ಅಂದರೆ ನೀರು. ದೂರದಿಂದ ನೋಡಿದರೂ ಬಾಯಾರಿಕೆಯಾಗಬೇಕು, ಹಾಗೆ ಬಂದಿತ್ತು.

ಸಂಜೆ ಸಾಲು ಸೇರಿತು. ನಾನು ಕೈಗೆ ಸೀಮೆಎಣ್ಣೆ ಹಾಕಿ ಬಣ್ಣ ಉಜ್ಜಿಕೊಳ್ಳುತ್ತಾ ಹೊಗಳಿಕೆಗೆ ಕಾದು ನಿಂತೆ. ಕ್ಯಾನು ಕೆಳಗಿಟ್ಟು ಎಲ್ಲರೂ ಗೋಡೆಯ ಕಡೆ ಕತ್ತೆತ್ತಿದರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಲೇ, ಇವ್ಳು ಮೂಲೆಮನೆಯಕ್ಕ ಕಣ್ಲಾ!"

"ಹೌದಲ್ಲ! ಕ್ಯಾನಿಗೆ ನೀರು ಹುಯ್ತಾ ಅವ್ಳೆ!"

"ಮೇಷ್ಟ್ರು ಇರೋದೇ ಅವ್ರ ಮನೇಲಿ. ಕಣ್ಣಾರೆ ಕಾಣ್ದಲೆ ಬರೀತಾರಾ?"

ನನಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ನನ್ನ ಬಾಯಿಂದ ಹೊರಟದ್ದು ಸಿಟ್ಟು. ಏಣಿಯ ಎರಡು ಮೆಟ್ಟಿಲು ಹತ್ತಿ ನಿಂತು ಪಾಠ ಮಾಡಿದೆ. ಇವಳು ಯಾರೂ ಅಲ್ಲ, ಸಂಯಮ ಅನ್ನುವ ಗುಣ, ಯುರೋಪಿನಲ್ಲಿ ಮುನ್ನೂರು ವರ್ಷದಿಂದ ಹೀಗೆಯೇ ಬರೆಯುತ್ತಾರೆ, ಕೆಳಗಿನ ಪಾತ್ರೆಯಲ್ಲಿರುವುದು ಹಾಲಲ್ಲ, ಮದ್ಯ, ಅದಕ್ಕೆ ನೀರು ಬೆರೆಸುತ್ತಿದ್ದಾಳೆ.

"ಹೆಂಡಕ್ಕಾ?" ಎಂದ ಒಬ್ಬ ಮುದುಕ. "ಅಲ್ಲ ಮೇಷ್ಟ್ರೇ, ಹೆಂಡಕ್ಕೆ ನೀರು ಬೆರ್ಸಿ ಮಾರೋದು ಯಾವ ಸೀಮೆ ಪುಣ್ಯ ಕಣಪ್ಪ?"

ಸಾಲಿಗೆ ಸಾಲೇ ನಕ್ಕಿತು. ನಾನು ಹಾಲಿನ ಕಳ್ಳತನದ ಮೇಲೆ ಹೆಂಡದ ವ್ಯಾಪಾರವನ್ನೂ ಅಕ್ಕನ ತಲೆಗೆ ಕಟ್ಟಿ ಏಣಿಯಿಂದ ಇಳಿದೆ. ಅಷ್ಟರಲ್ಲಿ ಅಕ್ಕನೇ ಕ್ಯಾನು ಹಿಡಿದು ಬಂದರು. ನಗು ನಿಂತಿತು. ಅವರು ಗೋಡೆ ನೋಡಿದರು, ಜನರನ್ನು ನೋಡಿದರು, ನನ್ನನ್ನು ನೋಡಲಿಲ್ಲ. ತಮ್ಮ ಸರದಿ ಬಂದಾಗ ಹಾಲು ಕೊಟ್ಟರು. ಕಡ್ಡಿ ಇಪ್ಪತ್ತೆಂಟಕ್ಕೆ ನಿಂತಿತು. ಖಾಲಿ ಕ್ಯಾನು ಹಿಡಿದು ಹೊರಟುಹೋದರು.

ಆವತ್ತು ಊಟಕ್ಕೆ ಕೂತಾಗ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ನಿಂತು ಕೇಳಿದರು.

"ಮೇಷ್ಟ್ರೇ, ನಾನು ಹಾಲಿಗೆ ನೀರು ಹುಯ್ದಿದ್ನ ನೀವು ಯಾವತ್ತಾದ್ರೂ ನೋಡಿದ್ದೀರಾ?"

"ಇಲ್ಲ ಅಕ್ಕ. ದೇವರಾಣೆಗೂ ಇಲ್ಲ."

"ಮತ್ತೆ ಯಾಕ್ ಬರುದ್ರಿ?"

ನಾನು ಮತ್ತೆ ಸಂಯಮ, ಯುರೋಪು ಅಂತ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದರು. ಯಜಮಾನರು ಮುಖ ತೊಳೆದು ಬಂದು ನನ್ನ ಪಕ್ಕದಲ್ಲಿ ಕೂರದೆ ಆಚೆ ಜಗಲಿಯ ಮೇಲೆ ತಟ್ಟೆ ತರಿಸಿಕೊಂಡರು. ಆವತ್ತಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು.

ಆಗಲೇ ಹೋಗಿ ಚಿತ್ರ ಅಳಿಸಬೇಕಿತ್ತು. ಅಳಿಸಲಿಲ್ಲ. ಯಾಕೆ ಅಂದರೆ ಅದು ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ. ಜನಕ್ಕೆ ಬುದ್ಧಿಯಿಲ್ಲ, ನಾಲ್ಕು ದಿನ ಮಾತಾಡಿ ಮರೆಯುತ್ತಾರೆ, ಅವರ ದಡ್ಡತನಕ್ಕೆ ನಾನೇಕೆ ಸುಣ್ಣ ಬಳಿಯಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಗೋಡೆಯ ಮೇಲೆ ಸಂಯಮವನ್ನು ಬರೆದವನ ಹತ್ತಿರ ಅದು ಚಿಟಿಕೆಯಷ್ಟೂ ಇರಲಿಲ್ಲ.

ನಾಲ್ಕು ದಿನಕ್ಕೆ ಮಾತು ಮುಗಿಯಲಿಲ್ಲ. ಅಕ್ಕ ದಿನಕ್ಕೆರಡು ಸಲ ತಮ್ಮದೇ ಮುಖದ ಕೆಳಗೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಹಾಲು ಪ್ರತಿ ಸಲವೂ ಗಟ್ಟಿಯಾಗಿಯೇ ಇರುತ್ತಿತ್ತು. "ಇವತ್ತು ಹುಯ್ದಿಲ್ಲ, ಅಷ್ಟೇಯ" ಅನ್ನುತ್ತಿದ್ದರು ಸಾಲಿನಲ್ಲಿದ್ದವರು. ಪರೀಕ್ಷೆ ಮಾಡುವವನು ಅಲ್ಲಿಯವರೆಗೆ ಅವರ ಹಾಲಿಗೆ ಕಡ್ಡಿಯನ್ನು ಒಂದು ಸಲ ಬಿಡುತ್ತಿದ್ದವನು ಈಗ ಎರಡು ಸಲ ಬಿಡತೊಡಗಿದ. ಹದಿನೈದನೆಯ ದಿನ ಅಕ್ಕ ಡೈರಿಗೆ ಹೋಗಲಿಲ್ಲ. ಹಾಲೆಲ್ಲ ಮೊಸರಾಯಿತು. ಮಾರನೆಯ ದಿನವೂ ಹೋಗಲಿಲ್ಲ. ಅಟ್ಟದ ಮೇಲೆ ಕಾಯಿ ಅಲ್ಲಾಡಿಸುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಕಾಯಿ ಅಲ್ಲಾಡಿಸಿ ತುಂಬಾ ಹೊತ್ತು ಸುಮ್ಮನಿದ್ದು ಮತ್ತೊಂದು. ಕೆಳಗೆ ಕೂತಿದ್ದ ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ಸುಣ್ಣ ಕಲೆಸಿಕೊಂಡು ಹೊರಟೆ. ಅಕ್ಕ ಕೊಟ್ಟಿಗೆಯಿಂದ ಬಂದು ಅಡ್ಡ ನಿಂತರು.

"ಎಲ್ಲಿಗೆ?"

"ಅಳಿಸಿ ಬರ್ತೀನಿ ಅಕ್ಕ."

"ಅಳುಸ್ಬ್ಯಾಡಿ. ಅಳುಸುದ್ರೆ ಏನಂತಾರೆ? ಮೂಲೆಮನೆಯೋಳು ಮೇಷ್ಟ್ರ ಕೈಕಾಲು ಹಿಡ್ದು ಅಳುಸುಸ್ಬುಟ್ಲು, ನಿಜ ಇದ್ದಿದ್ದುಕ್ಕೇ ಅಳುಸುದ್ರು ಅಂತಾರೆ. ಆ ಪುಸ್ತ್ಕ ತನ್ನಿ, ನೋಡಾನ."

ನೋಟ್‌ಬುಕ್ಕು ತಂದುಕೊಟ್ಟೆ. ಸೆಗಣಿಯ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಜಗಲಿಯ ಮೇಲೆ ಕೂತು ನೋಡಿದರು. ಕನ್ನಡಿ ಮತ್ತು ಹಾವಿನವಳ ಪುಟದಲ್ಲಿ ನಿಂತರು.

"ಕನ್ನಡಿ ನೋಡ್ಕಂಡು ಹಾವು ಹಿಡ್ದವ್ಳಲ್ಲ, ಇವ್ಳಿಗೇನ್ ಬುದ್ಧಿ ನೆಟ್ಟಗಿಲ್ವಾ?"

"ಅವಳೇ ಬುದ್ಧಿ ಅಕ್ಕ. ವಿವೇಕ."

"ಹೆಂಗ್ ಗೊತ್ತಾಗ್ತದೆ?"

"ಮುಖ ನೋಡಬಾರದು, ಕೈಯಲ್ಲಿ ಏನಿದೆ ಅಂತ ನೋಡಬೇಕು. ಅದರಿಂದಲೇ ಯಾರು ಅಂತ ಗೊತ್ತಾಗೋದು."

ಅಕ್ಕ ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ನಮ್ಮೂರ್ ಜನ ಸರ್ಯಾಗೇ ನೋಡವ್ರೆ. ಕೈ ನೋಡುದ್ರು. ನೀರು ಹುಯ್ತಿತ್ತು. ದಡ್ಡರು ಅವ್ರಲ್ಲ ಬುಡಿ."

ಬೇಕಾದರೆ ಮುಖ ಬದಲಾಯಿಸುತ್ತೇನೆ, ಬೇರೆ ಯಾರದೋ ಮುಖ ಬರೆಯುತ್ತೇನೆ ಎಂದೆ.

"ನನ್ ಮುಖ ಏನ್ ತಪ್ಪು ಮಾಡೈತೆ? ಮುಖ ಅಲ್ಲೇ ಇರ್ಲಿ. ಕೈಲಿರೋದ್ನ ಬದ್ಲಾಯ್ಸಿ. ಕೆಳಗಿನ್ ಪಾತ್ರೆ ತಗ್ದು ಡೈರಿ ಜಾಡಿ ಬರೀರಿ, ಅದ್ರೊಳಗೆ ಆ ಕಡ್ಡಿ ತೇಲ್ಲಿ. ಹುಯ್ಯೋದು ಬೆಳ್ಳಗಿರ್ಲಿ. ಮತ್ತೆ ಕೆಳಗೆ ಅಕ್ಷರದಲ್ಲಿ ಬರೀರಿ, ಮೊದ್ಲೇ ಅಧ್ಯಕ್ಷರು ಹೇಳಿರ್ಲಿಲ್ವಾ?"

ಅದೂ ಅವರಿಗೆ ಗೊತ್ತಿತ್ತು.

ಎರಡು ದಿನ ಹಿಡಿಯಿತು. ನಾನು ಅಷ್ಟು ಕಷ್ಟಪಟ್ಟು ಬರೆದ ನೀರಿನ ಮೇಲೆ ನಾನೇ ಗಟ್ಟಿ ಬಿಳಿ ಬಳಿದೆ. ಕೆಳಗಿನ ಹೂಜಿ ಹೋಗಿ ಉದ್ದನೆಯ ಜಾಡಿ ಬಂತು. ಪರೀಕ್ಷೆ ಮಾಡುವವನನ್ನು ಕೇಳಿ ಲ್ಯಾಕ್ಟೋಮೀಟರನ್ನು ಕೈಯಲ್ಲಿ ಹಿಡಿದು ಗೆರೆಗೆರೆ ಎಣಿಸಿ ಬರೆದೆ. ತಲೆ ಎತ್ತಿ ತೇಲುವ ಹಾಗೆ, ಹಾಲಿನ ಮಟ್ಟ ಇಪ್ಪತ್ತೆಂಟರ ಗೆರೆಗೆ ತಾಗುವ ಹಾಗೆ. ಮೋಡದ ಮೇಲೆ ಕೂತು, ಹಾರುವ ಬಟ್ಟೆ ಉಟ್ಟು, ಲ್ಯಾಕ್ಟೋಮೀಟರಿನ ಜಾಡಿಗೆ ಹಾಲು ಹುಯ್ಯುವ ಹೆಂಗಸನ್ನು ಯುರೋಪಿನ ಯಾವ ಚಾವಣಿಯಲ್ಲೂ ಯಾರೂ ನೋಡಿರಲಾರರು. ಕೆಳಗೆ ದಪ್ಪಕ್ಷರದಲ್ಲಿ 'ನೀರಿಲ್ಲದ ಹಾಲು' ಎಂದು ಬರೆದೆ. ಉಳಿದ ಮೂರು ಚೌಕಗಳಿಗೆ ಎರಡು ಹಸು, ಒಂದು ಕರು, ತೆಂಗಿನ ಮರ ಬಂದವು. ಅಧ್ಯಕ್ಷರಿಗೆ ಸಮಾಧಾನವಾಯಿತು.

ಆವತ್ತು ಸಂಜೆ ಅಕ್ಕ ಕೋಣೆಯ ಬಾಗಿಲಿಗೆ ಬಂದು, "ಮೇಷ್ಟ್ರೇ, ನೀವು ಬ್ಯಾರೆ ರೂಮು ನೋಡ್ಕಳಿ" ಎಂದರು.

"ಎಲ್ಲ ಸರಿಹೋಯ್ತಲ್ಲ ಅಕ್ಕ. ಇನ್ನೂ ಸಿಟ್ಟಾ?"

"ಸಿಟ್ಟು ಐತೆ. ಇಲ್ಲ ಅಂತ ಯಾಕ್ ಸುಳ್ಳು ಹೇಳ್ಲಿ? ಆದ್ರೆ ಅದಕ್ಕಲ್ಲ. ನೀವು ನಮ್ಮನೆ ಉಂಡ್ಕಂಡು ನಮ್ಮನೇಲೇ ಇದ್ರೆ, ಅನ್ನದ್ ಋಣಕ್ಕೆ ತಿದ್ದುದ್ರು ಅಂತಾರೆ. ಆಚೆ ಹೋಗಿ ನಿಜ ಹೇಳಿ. ಆಗ ನಂಬ್ತಾರೆ."

ಕಾಯಿಯನ್ನು ಹೊರಗಿನಿಂದ ನೋಡಿ ಕೊಬ್ಬರಿ ಆಗಿದೆ ಅಂತ ಹೇಳಲಾಗುವುದಿಲ್ಲ, ಅಲ್ಲಾಡಿಸಿ ಕೇಳಬೇಕು ಅನ್ನುತ್ತಿದ್ದವರು ಅವರೇ. ನನ್ನನ್ನೂ ಅಲ್ಲಾಡಿಸಿ ನೋಡುತ್ತಿದ್ದಾರೆ ಅನ್ನಿಸಿತು. ಎರಡು ದಿನದೊಳಗೆ ಶಾಲೆಯ ಹಿಂದಿನ ಒಂದು ಕೋಣೆಗೆ ಟ್ರಂಕು, ಹಾಸಿಗೆ ಸಾಗಿಸಿದೆ. ಅಲ್ಲಿ ಅಟ್ಟವಿರಲಿಲ್ಲ, ಊಟವೂ ಇರಲಿಲ್ಲ. ಒಂದು ಸ್ಟವ್ ಕೊಂಡುಕೊಂಡೆ.

ಹಾಲು ಬೇಕಲ್ಲ. ಮೊದಲ ಸಲ ಒಂದು ಚೊಂಬು ಹಿಡಿದು ಡೈರಿಯ ಸಾಲಿಗೆ ಹೋಗಿ ನಿಂತೆ. ಹಸು ಇಲ್ಲದವರಿಗೆ ಅಲ್ಲೇ ಅರ್ಧ ಲೀಟರು, ಕಾಲು ಲೀಟರು ಅಳೆದು ಕೊಡುತ್ತಿದ್ದರು. ನನ್ನ ಮುಂದೆ ಏಳೆಂಟು ಜನ. ಅವರೆಲ್ಲರಿಗಿಂತ ಮುಂದೆ, ಕಿಟಕಿಯ ಹತ್ತಿರ, ಅಕ್ಕ. ಐದಾರು ದಿನದ ಮೇಲೆ ಬಂದಿದ್ದರು. ಆ ಹೆಂಡದ ಮುದುಕ ಹಿಂದಿರುಗಿ ನನ್ನನ್ನು ನೋಡಿ ಎಲ್ಲರಿಗೂ ಕೇಳುವಂತೆ ಕೇಳಿದ.

"ಏನ್ ಮೇಷ್ಟ್ರೇ, ಮನೆ ಬುಟ್ರಂತೆ. ಈಗ್ಲಾದ್ರೂ ನಿಜ ಹೇಳಿ. ಅವತ್ತು ನೋಡೇ ಬರ್ದಿದ್ದಲ್ವಾ?"

ಅಕ್ಕ ತಿರುಗಲಿಲ್ಲ. ಕ್ಯಾನಿನ ಹಿಡಿಯ ಮೇಲಿದ್ದ ಅವರ ಕೈ ಮಾತ್ರ ನನಗೆ ಕಾಣುತ್ತಿತ್ತು. ಈ ಸಲ ಏಣಿಯೂ ಇರಲಿಲ್ಲ, ಯುರೋಪೂ ನೆನಪಾಗಲಿಲ್ಲ.

"ಎರಡು ವರ್ಷ ಆ ಮನೆ ಹಾಲು ಕುಡಿದಿದ್ದೀನಿ" ಎಂದೆ. "ಅಕ್ಕ ಒಂದು ತೊಟ್ಟು ನೀರು ಹಾಕಿದ್ದು ನೋಡಿಲ್ಲ. ಆ ಹಾಲಿಗೆ ನೀರು ಹುಯ್ದೋನು ನಾನು. ಈ ಗೋಡೆ ಮೇಲೆ, ನಿಮ್ಮೆಲ್ಲರ ಮುಂದೇನೇ ಹುಯ್ದೆ. ತಪ್ಪಾಯ್ತು."

ಯಾರೂ ನಗಲಿಲ್ಲ. ಮುದುಕ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಪರೀಕ್ಷೆ ಮಾಡುವವನು ಅಕ್ಕನ ಹಾಲನ್ನು ಜಾಡಿಗೆ ಹಾಕಿ ಕಡ್ಡಿ ಬಿಟ್ಟ, ನೋಡಿದ, ಡಿಗ್ರಿ ಕೂಗಿದ. ಎರಡನೆಯ ಸಲ ಬಿಡಲು ಎತ್ತಿಕೊಂಡ ಕಡ್ಡಿಯನ್ನು ಹಾಗೇ ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟ.

ಅಕ್ಕ ಆಗಲೂ ನನ್ನ ಕಡೆ ತಿರುಗಲಿಲ್ಲ. ಕಿಟಕಿಯೊಳಗೆ ನೋಡುತ್ತಲೇ ಹೇಳಿದರು.

"ಮೇಷ್ಟ್ರಿಗೆ ಅರ್ಧ ಲೀಟ್ರು ನನ್ ಕ್ಯಾನಿಂದ್ಲೇ ಅಳ್ದು ಕೊಡಿ. ಅವ್ರಿಗೆ ಬ್ಯಾರೆ ಹಾಲು ಒಗ್ಗಲ್ಲ."